ಕೋಲ್ಕತ್ತಾದ ಹಳೆಯ ಚೀನೀಯರ ಕೇರಿಯನ್ನು ಕಾಲ್ನಡಿಗೆಯಲ್ಲಿ ನೋಡುವುದು ಹೇಗೆ?

ಹಾಸನದ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ಈಗ ನಿವೃತ್ತನಾಗಿದ್ದೇನೆ. ಮಗಳಿಗೆ ಕೋಲ್ಕತ್ತಾಕ್ಕೆ ವರ್ಗವಾಗಿರುವುದರಿಂದ, ಸಂಕ್ರಾಂತಿ ಕಳೆದ ಮೇಲೆ ನಾನೂ ನನ್ನ ಮನೆಯವರೂ ಹತ್ತು ದಿನದ ಮಟ್ಟಿಗೆ ಅಲ್ಲಿಗೆ ಹೊರಟಿದ್ದೇವೆ. ದಕ್ಷಿಣೇಶ್ವರಕ್ಕೂ ಬೇಲೂರು ಮಠಕ್ಕೂ ಮಗಳೇ ಕರೆದುಕೊಂಡು ಹೋಗುತ್ತಾಳೆ; ನಮ್ಮ ಜಿಲ್ಲೆಯ ಬೇಲೂರನ್ನು ನೋಡುತ್ತ ಬೆಳೆದವರಿಗೆ ಆ ಹೆಸರಿನ ಮೇಲೆ ಒಂದು ಅಕ್ಕರೆ ಇದ್ದೇ ಇರುತ್ತದೆ. ಆದರೆ ಒಂದು ಭಾನುವಾರದ ಬೆಳಗನ್ನು ಮಾತ್ರ ನನ್ನ ಪಾಲಿಗೆ ಬಿಟ್ಟುಕೊಡಿ ಎಂದು ಕೇಳಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ತಿರೆಟ್ಟಾ ಬಜಾರಿನ ಹಳೆಯ ಚೀನೀಯರ ಕೇರಿಯನ್ನು ನಡೆದು ನೋಡಬೇಕೆಂಬುದು ನನ್ನ ಆಸೆ.

ಈ ಆಸೆಯ ಹಿಂದೆ ಒಂದು ಹಳೆಯ ಬಾಕಿ ಇದೆ. 7ನೆಯ ಶತಮಾನದಲ್ಲಿ ಹ್ಯೂಯೆನ್ ತ್ಸಾಂಗ್ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೆ ಬಂದುದನ್ನು ಪ್ರತಿವರ್ಷವೂ ಪಾಠ ಮಾಡುತ್ತಿದ್ದೆ. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಚೀನಾದಿಂದ ಬಂದವರೆಲ್ಲ ಬರೆದುಕೊಂಡು ಹಿಂದಕ್ಕೆ ಹೋದರೇ? ಇಲ್ಲೇ ಉಳಿದವರು ಯಾರೂ ಇಲ್ಲವೇ, ಸಾರ್?" ಎಂದು ಕೇಳಿದಳು. ಆ ದಿನ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಉಳಿದವರು ಇದ್ದಾರೆ, ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಒಂದೇ ನಗರದಲ್ಲಿ ಬಾಳಿದ್ದಾರೆ ಎಂಬುದು ಆಮೇಲೆ ಓದಿ ತಿಳಿದ ವಿಷಯ. ಓದಿದ್ದನ್ನು ಒಮ್ಮೆ ಕಣ್ಣಿನಿಂದಲೂ ನೋಡಬೇಕೆನಿಸಿದೆ.

ಅಲ್ಲಿಗೆ ಹೋಗಿ ಬಂದವರು ದಯವಿಟ್ಟು ಕೆಲವು ವಿಷಯಗಳನ್ನು ತಿಳಿಸಬೇಕು. ಬೆಳಗಿನ ಉಪಾಹಾರದ ಸಂತೆಯ ಚಿತ್ರಗಳನ್ನು ಬಿಟ್ಟರೆ ಆ ಕೇರಿಯಲ್ಲಿ ನೋಡುವಂಥದ್ದು ಏನಿದೆ, ಎಲ್ಲಿಂದ ಆರಂಭಿಸಿ ಎಲ್ಲಿ ಮುಗಿಸಬೇಕು, ಅವರ ದೇವಾಲಯಗಳೊಳಗೆ ನಮ್ಮಂಥವರನ್ನು ಬಿಡುತ್ತಾರೆಯೇ? ಟಾಂಗ್ರಾ ಎಂಬ ಹೆಸರನ್ನೂ ಕೇಳಿದ್ದೇನೆ. ಅದೂ ಇದೂ ಒಂದೆಯೋ, ಬೇರೆ ಬೇರೆಯೋ? ನನ್ನ ಮನೆಯವರು ಶುದ್ಧ ಸಸ್ಯಾಹಾರಿ, ನನಗೆ ಎಡಗಾಲಿನ ಮಂಡಿ ನೋವಿದೆ. ಕೊನೆಯದಾಗಿ, ಜನ ವಾಸಿಸುವ ಕೇರಿಯನ್ನು ಪ್ರದರ್ಶನ ನೋಡುವಂತೆ ನೋಡಿಬರುವುದು ಸರಿಯೇ ಎಂಬ ಅಳುಕೂ ನನಗಿದೆ. ಇದಕ್ಕೂ ತಿಳಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಮುಳ್ಳಯ್ಯನಗಿರಿಯ ನೆರಳು

ಮೇಷ್ಟ್ರಿಗೆ ನಮಸ್ಕಾರ. ನಾನು ಚಿಕ್ಕಮಗಳೂರಿನವಳು. ನಮ್ಮ ಯಜಮಾನರ ಬ್ಯಾಂಕ್ ಕೆಲಸದ ನಿಮಿತ್ತ ಐದು ವರ್ಷ ಕೋಲ್ಕತ್ತಾದಲ್ಲಿದ್ದೆವು. ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಕರೆದುಕೊಂಡು ಆ ಕೇರಿಯಲ್ಲಿ ನಡೆದಿದ್ದೇನೆ. ಯಾರೂ ಬರದಿದ್ದಾಗ ಒಬ್ಬಳೇ ನಡೆದದ್ದೂ ಉಂಟು. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನೀವು ಭಾನುವಾರವನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಉಳಿದ ದಿನಗಳಲ್ಲಿ ಆ ಪ್ರದೇಶ ಸಗಟು ವ್ಯಾಪಾರದ ಗದ್ದಲದಲ್ಲಿ ಮುಳುಗಿರುತ್ತದೆ, ಕೈಗಾಡಿ ಮತ್ತು ಹಮಾಲರ ನಡುವೆ ತಲೆಯೆತ್ತಿ ಒಂದು ಕಟ್ಟಡವನ್ನು ನೋಡುವುದೂ ಕಷ್ಟ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಓಣಿಗಳು ನಿಮ್ಮ ಪಾಲಿಗೆ ತೆರೆದಿರುತ್ತವೆ. ಬೆಳಿಗ್ಗೆ ಆರು ಗಂಟೆಗೆ ಅಲ್ಲಿರುವಂತೆ ಹೊರಡಿ. ಭಾನುವಾರದಂದು ಸೆಂಟ್ರಲ್ ನಿಲ್ದಾಣದ ಮಾರ್ಗದಲ್ಲಿ ಮೆಟ್ರೊ ಆರಂಭವಾಗುವುದೇ ಒಂಬತ್ತು ಗಂಟೆಗೆ. ಆದ್ದರಿಂದ ಹೋಗುವಾಗ ಟ್ಯಾಕ್ಸಿ ಮಾಡಿಕೊಂಡು, ಬರುವಾಗ ಬೇಕಾದರೆ ಮೆಟ್ರೊ ಹಿಡಿಯಿರಿ. ಚಾಲಕನಿಗೆ "ಲಾಲ್‌ಬಜಾರ್ ಹತ್ತಿರ ಪೊದ್ದಾರ್ ಕೋರ್ಟ್" ಎಂದರೆ ಸಾಕು. ಲಾಲ್‌ಬಜಾರ್ ಎಂದರೆ ನಗರ ಪೊಲೀಸರ ಕೇಂದ್ರ ಕಚೇರಿ ಇರುವ ಸ್ಥಳ, ಎಲ್ಲರಿಗೂ ಗೊತ್ತು.

ಪೊದ್ದಾರ್ ಕೋರ್ಟ್ ಕಟ್ಟಡದ ಹಿಂಬದಿಯಲ್ಲಿ, ಸನ್ ಯಾತ್ ಸೆನ್ ಬೀದಿಯ ಬದಿಯಲ್ಲಿ, ಉಪಾಹಾರದ ಸಂತೆ ನಡೆಯುತ್ತದೆ. ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಹಬೆಯಾಡುವ ಬಾವೋ ಎಂಬ ಬನ್ನು, ಮೀನಿನ ಉಂಡೆಯ ಸಾರು, ಹಂದಿಮಾಂಸ ತುಂಬಿದ ಶೂಮೈ, ಎಳ್ಳು ಮೆತ್ತಿ ಕರಿದ ಸಿಹಿ ಉಂಡೆ ಇವೆಲ್ಲ ಎಂಟು, ಎಂಟೂವರೆಯೊಳಗೆ ಖಾಲಿಯಾಗುತ್ತವೆ. ನಿಮ್ಮ ಮನೆಯವರಿಗೆ ಇಲ್ಲಿ ಸಿಗುವುದು ಬಹಳ ಕಡಿಮೆ. ಬನ್ನು ಸಸ್ಯಾಹಾರಿಯಂತೆ ಕಂಡರೂ ಹಿಟ್ಟಿನಲ್ಲಿ ಹಂದಿಯ ಕೊಬ್ಬು ಸೇರಿರಬಹುದು, ಕೇಳದೆ ತಿನ್ನಬಾರದು. ಅವರು ಮನೆಯಲ್ಲಿಯೇ ಏನಾದರೂ ತಿಂದು ಬರುವುದು ಮೇಲು. ಪಕ್ಕದಲ್ಲಿಯೇ ನೆಲದ ಮೇಲೆ ಗೋಣಿ ಹಾಸಿ ಮಾರುವ ಸೊಪ್ಪು ತರಕಾರಿಯ ಸಾಲನ್ನು ನೋಡುವುದರಲ್ಲಿ ಅವರಿಗೆ ಹೊತ್ತು ಹೋಗುತ್ತದೆ. ಈಚೆಗೆ ಈ ಸಂತೆಯಲ್ಲಿ ಚೀನೀ ಮನೆತನದ ಮಾರಾಟಗಾರರು ಬೆರಳೆಣಿಕೆಯಷ್ಟೇ ಉಳಿದಿದ್ದು, ಉಳಿದವರು ಬೇರೆ ಸಮುದಾಯದವರು. ಇದು ಮೊದಲೇ ತಿಳಿದಿದ್ದರೆ ನಿರಾಸೆಯಾಗುವುದಿಲ್ಲ.

ಬಹಳ ಜನ ತಿಂದು, ಚಿತ್ರ ತೆಗೆದುಕೊಂಡು ಅಲ್ಲಿಂದಲೇ ಹಿಂತಿರುಗುತ್ತಾರೆ. ನನ್ನ ದೃಷ್ಟಿಯಲ್ಲಿ ನೋಡಬೇಕಾದ ಕೇರಿ ಶುರುವಾಗುವುದೇ ಅದಾದ ಮೇಲೆ. ಸಂತೆಯನ್ನು ಬೆನ್ನಿಗೆ ಹಾಕಿ ಬ್ಲ್ಯಾಕ್‌ಬರ್ನ್ ಓಣಿ, ಛತಾವಾಲಾ ಗಲ್ಲಿ, ಡ್ಯಾಮ್ಜೆನ್ ಓಣಿಗಳೊಳಗೆ ಹೋಗಿ. ಎಲ್ಲವೂ ಅರ್ಧ ಕಿಲೋಮೀಟರಿನ ಸುತ್ತಳತೆಯಲ್ಲಿಯೇ ಇರುವುದರಿಂದ ನಿಮ್ಮ ಮಂಡಿಗೆ ನಡಿಗೆ ಹೊರೆಯಾಗದು. ಆದರೆ ದೇವಾಲಯಗಳು ಹೆಚ್ಚಾಗಿ ಮೊದಲ ಮಹಡಿಯಲ್ಲಿದ್ದು ಮೆಟ್ಟಿಲುಗಳು ಕಡಿದಾಗಿವೆ. ಒಂದು ಊರುಗೋಲಿದ್ದರೆ ಒಳ್ಳೆಯದು.

ಈ ದೇವಾಲಯಗಳನ್ನು ಅಲ್ಲಿ "ಚರ್ಚ್" ಎಂದು ಕರೆಯುತ್ತಾರೆ, ಫಲಕದ ಮೇಲೂ ಹಾಗೆಯೇ ಬರೆದಿದೆ. ಏಸುವಿಗೂ ಅವುಗಳಿಗೂ ಸಂಬಂಧವಿಲ್ಲ. ಒಂದೊಂದೂ ಚೀನಾದ ಒಂದೊಂದು ಸೀಮೆಯಿಂದ ಬಂದವರು ಸೇರಿ ಕಟ್ಟಿಕೊಂಡ ಸಂಘದ ಮನೆ. ಹೊಸದಾಗಿ ಹಡಗಿನಿಂದ ಇಳಿದವನಿಗೆ ಮಲಗಲು ಜಾಗ, ಕೆಲಸ ಹುಡುಕಲು ನೆರವು, ಸತ್ತರೆ ಮಣ್ಣು ಮಾಡುವ ವ್ಯವಸ್ಥೆ ಎಲ್ಲವೂ ಅದರಿಂದಲೇ ಆಗುತ್ತಿತ್ತು. ಬೆಂಗಳೂರಿನಲ್ಲಿ ನಮ್ಮ ಜಿಲ್ಲೆಗಳಿಂದ ಓದಲು ಹೋದ ಹುಡುಗರಿಗೆ ಆಯಾ ಸಮುದಾಯದ ಹಾಸ್ಟೆಲುಗಳು ಆಸರೆಯಾದುದನ್ನು ನೆನೆದುಕೊಂಡರೆ ಇದು ಬೇಗ ಅರ್ಥವಾಗುತ್ತದೆ.

ಛತಾವಾಲಾ ಗಲ್ಲಿಯ ಸೀ ಇಪ್ ಚರ್ಚ್ ಅನ್ನು ಕಟ್ಟಿದ್ದು 1905ರಲ್ಲಿ. ಮಹಡಿಯ ಮೇಲೆ ಗುವಾನ್ಯಿನ್ ದೇವಿಯ ಸನ್ನಿಧಿಯಿದೆ. ಈ ದೇವಿ ನಮಗೆ ಪರಕೀಯಳಲ್ಲ. ಬೌದ್ಧರ ಅವಲೋಕಿತೇಶ್ವರನೇ ಚೀನಾಕ್ಕೆ ಹೋಗಿ, ಶತಮಾನಗಳು ಕಳೆದಂತೆ ಕರುಣೆಯ ತಾಯಿಯಾಗಿ ಮಾರ್ಪಟ್ಟ ರೂಪವೇ ಗುವಾನ್ಯಿನ್. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೀವು ನೋಡಿರುತ್ತೀರಿ, ಅದೂ ಅವಲೋಕಿತೇಶ್ವರನೇ. ಘಟ್ಟದ ಕೆಳಗಿನ ನಮ್ಮ ದೇವರ ಬಂಧುವನ್ನು ಕೋಲ್ಕತ್ತಾದ ಒಂದು ಮಹಡಿಯ ಮೇಲೆ, ಕೆಂಪು ಮೇಣದ ಬತ್ತಿಗಳ ನಡುವೆ ಕಂಡಾಗ ನನಗೆ ಬಹಳ ಹೊತ್ತು ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ಬ್ಲ್ಯಾಕ್‌ಬರ್ನ್ ಓಣಿಯ ತೂಂಗ್ ಓನ್ ಚರ್ಚ್ 1924ರ ಕೆಂಪು ಇಟ್ಟಿಗೆಯ ಕಟ್ಟಡ. ಅದರ ಕೆಳ ಅಂತಸ್ತಿನಲ್ಲಿ ನಾನ್‌ಕಿಂಗ್ ಎಂಬ ಹೆಸರಾಂತ ಹೋಟೆಲಿತ್ತು. ನಗರದ ಸಿರಿವಂತರು ಮದುವೆಯ ಔತಣ ಕೊಡುತ್ತಿದ್ದ ಆ ಜಾಗ ಮುಚ್ಚಿ ದಶಕಗಳೇ ಆಗಿವೆ. ಮೇಲಿನ ದೇವಾಲಯ ಮಾತ್ರ ಉಳಿದಿದೆ. ಅಲ್ಲಿರುವುದು ಕೆಂಪು ಮುಖದ, ಉದ್ದ ಗಡ್ಡದ ಗುವಾನ್ ಯೂ; 3ನೆಯ ಶತಮಾನದ ಆರಂಭದಲ್ಲಿ ಶತ್ರುಗಳ ಕೈಗೆ ಸಿಕ್ಕಿ ಮಡಿದ ಸೇನಾನಿ, ಕೊಟ್ಟ ಮಾತಿಗೆ ತಪ್ಪದವನೆಂದು ಜನ ದೇವರಾಗಿಸಿಕೊಂಡವನು. ಹಾಸನ ಜಿಲ್ಲೆಯ ಊರೂರಿನಲ್ಲೂ ವೀರಗಲ್ಲಿಗೆ ಅರಿಶಿನ ಕುಂಕುಮ ಹಚ್ಚುವುದನ್ನು ನೋಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಗರ್ಭಗುಡಿಯ ಮುಂದೆ ಬಿದಿರಿನ ಕೊಳವೆಯಲ್ಲಿ ಸಂಖ್ಯೆ ಬರೆದ ಕಡ್ಡಿಗಳಿರುತ್ತವೆ. ಮನಸ್ಸಿನಲ್ಲಿ ಪ್ರಶ್ನೆಯಿಟ್ಟುಕೊಂಡು ಕೊಳವೆಯನ್ನು ಅಲುಗಿಸಿದಾಗ ಒಂದು ಕಡ್ಡಿ ಕೆಳಕ್ಕೆ ಬೀಳುತ್ತದೆ, ಅದರ ಸಂಖ್ಯೆಗೆ ತಕ್ಕ ಉತ್ತರವನ್ನು ಚೀಟಿಯಲ್ಲಿ ಓದಿಕೊಳ್ಳುತ್ತಾರೆ. ಮಲೆನಾಡಿನ ದೇವಸ್ಥಾನಗಳಲ್ಲಿ ನಾವು ಹೂ ಪ್ರಸಾದ ಕೇಳುತ್ತೇವಲ್ಲ, ಅದೇ ಶ್ರದ್ಧೆ. ದಯವಿಟ್ಟು ಅದನ್ನು ಆಟದ ಸಾಮಾನಿನಂತೆ ಕೈಗೆತ್ತಿಕೊಳ್ಳಬೇಡಿ. ಒಳಗೆ ಬಿಡುತ್ತಾರೆಯೇ ಎಂದು ಕೇಳಿದ್ದೀರಿ. ಬಾಗಿಲು ತೆರೆದಿದ್ದರೆ, ಕಾವಲಿಗೆ ಇರುವವರಿಗೆ ನಮಸ್ಕರಿಸಿ ಕೇಳಿದರೆ, ನನ್ನನ್ನು ಯಾರೂ ಒಮ್ಮೆಯೂ ಬೇಡವೆನ್ನಲಿಲ್ಲ. ಹೊರಡುವಾಗ ಹುಂಡಿಗೆ ಏನಾದರೂ ಹಾಕಿ ಬನ್ನಿ.

ಮುಗಿಸುವುದನ್ನು ಬೆಂಟಿಂಕ್ ಬೀದಿಯಲ್ಲಿ ಮುಗಿಸಿ. ಹಿಂದೆ ಅಲ್ಲಿ ಸಾಲಾಗಿ ಚೀನೀಯರ ಪಾದರಕ್ಷೆಯ ಅಂಗಡಿಗಳಿದ್ದವು. ಈಗ ಕೆಲವಷ್ಟೇ ಇವೆ. ಬಂದ ಸೀಮೆಗೆ ತಕ್ಕಂತೆ ಕಸುಬು ಹಂಚಿಹೋಗಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ನಡೆದರೆ ಕೇರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಚರ್ಮ ಮತ್ತು ಪಾದರಕ್ಷೆ ಹಕ್ಕಾ ಜನರದು, ಮರಗೆಲಸ ಕ್ಯಾಂಟನ್ ಕಡೆಯವರದು, ಹಲ್ಲಿನ ವೈದ್ಯ ಹೂಬೇ ಪ್ರಾಂತ್ಯದವರದು. ದೇವಾಲಯದ ಬಾಗಿಲವಾಡದ ಕೆತ್ತನೆಯನ್ನು ಆ ಬಡಗಿಗಳ ಕಣ್ಣಿನಿಂದ ನೋಡಿ. ಹಳೇಬೀಡಿನ ಕಲ್ಲಿನ ಕುಸುರಿಯನ್ನು ನೋಡಿ ಬಂದವರ ಕಣ್ಣಿಗೆ ಮರದಲ್ಲಿ ಮಾಡಿದ ಆ ಕೆಲಸ ತಪ್ಪದೆ ಹಿಡಿಸುತ್ತದೆ.

ಕಾಫಿ ಕಣ

ಮೇಲಿನ ಅಕ್ಕ ಎಲ್ಲವನ್ನೂ ಬಹಳ ಚೆನ್ನಾಗಿ ತಿಳಿಸಿದ್ದಾರೆ. ನಾನು ಮೂಡಿಗೆರೆ ಕಡೆಯವನು. ಟಾಂಗ್ರಾದ ವಿಷಯವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ಮೇಷ್ಟ್ರು ಕೇಳಿದ ಆ ಗೊಂದಲದಲ್ಲಿಯೇ ನನ್ನ ಒಂದು ಬೆಳಗು ವ್ಯರ್ಥವಾಯಿತು. ಹೋದ ವರ್ಷ ಕೊಯ್ಲು ಮುಗಿಸಿ ಕೋಲ್ಕತ್ತಾಕ್ಕೆ ಹೋಗಿದ್ದಾಗ, ಎರಡೂ ಒಂದೇ ಎಂದುಕೊಂಡು ಬೆಳಿಗ್ಗೆ ಏಳಕ್ಕೆ ಟಾಂಗ್ರಾದಲ್ಲಿ ಇಳಿದೆ. ಉದ್ದುದ್ದ ಗೋಡೆಗಳು, ಮುಚ್ಚಿದ ಕಬ್ಬಿಣದ ಗೇಟುಗಳು, ನಾಯಿಗಳು, ಮನುಷ್ಯರ ಸುಳಿವಿಲ್ಲ. ತಿರೆಟ್ಟಾ ಬೆಳಗಿನ ಜಾಗ, ಟಾಂಗ್ರಾ ಸಂಜೆಯ ಜಾಗ. ಒಂದರಿಂದ ಇನ್ನೊಂದಕ್ಕೆ ಐದಾರು ಕಿಲೋಮೀಟರ್ ದೂರವಿದೆ, ಒಂದೇ ನಡಿಗೆಯಲ್ಲಿ ಸೇರಿಸಲಾಗದು.

ಎರಡರ ಹುಟ್ಟೂ ಬೇರೆ. ತಿರೆಟ್ಟಾ ಎಂಬ ಹೆಸರು ಬಂದದ್ದು ಎಡ್ವರ್ಡ್ ತಿರೆಟ್ಟಾ ಎಂಬ ಇಟಲಿಯವನಿಂದ. 18ನೆಯ ಶತಮಾನದ ಕೊನೆಯಲ್ಲಿ ಕಂಪನಿ ಸರ್ಕಾರದಲ್ಲಿ ಬೀದಿ ಮತ್ತು ಕಟ್ಟಡಗಳ ಮೇಲ್ವಿಚಾರಕನಾಗಿದ್ದ ಅವನ ಸಂತೆ ಅಲ್ಲಿತ್ತು, ಅದರ ಸುತ್ತ ಚೀನೀಯರು ನೆಲೆಸಿದರು. ಟಾಂಗ್ರಾ ಅದಕ್ಕಿಂತ ಬಹಳ ತಡವಾಗಿ, 20ನೆಯ ಶತಮಾನದ ಆರಂಭದಲ್ಲಿ ಬೆಳೆದದ್ದು. ಚರ್ಮ ಹದ ಮಾಡುವ ಕೆಲಸಕ್ಕೆ ಧಾರಾಳವಾಗಿ ನೀರು ಬೇಕು, ಕೊಳೆ ಹರಿದುಹೋಗಲು ತಗ್ಗು ಬೇಕು, ವಾಸನೆಯಿಂದಾಗಿ ಊರು ದೂರವಿರಬೇಕು. ನಗರದ ಪೂರ್ವಕ್ಕಿದ್ದ ಜೌಗು ಪ್ರದೇಶದಲ್ಲಿ ಈ ಮೂರೂ ಸಿಕ್ಕಿದವು. ಬೇರೆಯವರು ಮೈಲಿಗೆಯೆಂದು ಮುಟ್ಟದ ಕೆಲಸವನ್ನು ಹಕ್ಕಾ ಕುಟುಂಬಗಳು ಕೈಗೆತ್ತಿಕೊಂಡು, ಕೆಳಗೆ ಹದದ ತೊಟ್ಟಿ, ಮೇಲೆ ಸಂಸಾರ ಎಂಬಂತೆ ಬಾಳಿದವು. ನೂರಾರು ಕಾರ್ಖಾನೆಗಳು ಅಲ್ಲಿ ನಡೆದವು. ಗಂಗೆಯ ಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 19ರಂದು ಕೋಲ್ಕತ್ತಾದ ಚರ್ಮೋದ್ಯಮವೆಲ್ಲ ನಗರದ ಹೊರಗಿನ ಬಾನ್‌ತಲಾ ಎಂಬಲ್ಲಿಗೆ ಹೋಗಬೇಕೆಂದು ಆದೇಶಿಸಿತು. ಕೆಲವರು ಅಲ್ಲಿಗೆ ಹೋದರು, ಕೆಲವರು ಕಸುಬನ್ನೇ ಬಿಟ್ಟರು, ಬಹಳ ಮನೆಗಳ ಮಕ್ಕಳು ಕೆನಡಾದ ಟೊರೊಂಟೊ ಸೇರಿದರು. ಉಳಿದ ಕಾರ್ಖಾನೆಗಳಲ್ಲಿ ಹಲವು ಹೋಟೆಲುಗಳಾಗಿವೆ. ಈಗ ಜನ ಟಾಂಗ್ರಾಕ್ಕೆ ಹೋಗುವುದು ಊಟಕ್ಕೆ. ಆದರೆ ಆ ಎತ್ತರದ ಗೋಡೆ, ಅಗಲವಾದ ಗೇಟು, ಅದರ ಮೇಲಿನ ಚೀನೀ ಅಕ್ಷರಗಳು ಎಲ್ಲವೂ ಚರ್ಮದ ಕಾಲದವು.

ನನ್ನ ಹೆಂಡತಿಯ ತವರಿನವರು ಹಿಂದೆ ಕಾಫಿಗೆ ಮುಂಚೆ ಏಲಕ್ಕಿ ಬೆಳೆಯುತ್ತಿದ್ದರು. ಕಟ್ಟೆ ರೋಗ ಬಂದು ಅಷ್ಟೂ ತೋಟ ಹಾಳಾದಾಗ ಒಂದು ತಲೆಮಾರಿನ ಕೈಕಸುಬೇ ಕೆಲಸಕ್ಕೆ ಬಾರದಂತಾದುದನ್ನು ಅವರ ಬಾಯಲ್ಲಿ ಕೇಳಿದ್ದೇನೆ. ಟಾಂಗ್ರಾದ ಹೋಟೆಲೊಂದರಲ್ಲಿ ಗಲ್ಲಾದ ಹಿಂದೆ ಕುಳಿತಿದ್ದ ಹಿರಿಯರು, ನಾನು ಊಟಕ್ಕೆ ಕುಳಿತಿದ್ದ ಜಾಗದಲ್ಲಿ ಮೊದಲು ತೊಟ್ಟಿಗಳಿದ್ದವೆಂದು ಕೈಯಿಂದ ಅಳತೆ ತೋರಿಸಿದಾಗ ನನಗೆ ಅದೇ ನೆನಪಾಯಿತು.

ಮಠೇಶ್ವರತಲಾ ರಸ್ತೆಯಲ್ಲಿ ಚೀನೀ ಕಾಳಿ ಮಂದಿರವಿದೆ. ಮರದ ಕೆಳಗೆ ಸಿಂದೂರ ಹಚ್ಚಿದ್ದ ಕಲ್ಲುಗಳನ್ನು ಅಲ್ಲಿನ ಚೀನೀಯರು ಪೂಜಿಸಲಾರಂಭಿಸಿ, ಆಮೇಲೆ ಗುಡಿ ಕಟ್ಟಿದರಂತೆ. ನೈವೇದ್ಯಕ್ಕೆ ನೂಡಲ್ಸ್ ಇಡುವುದನ್ನು ಎಲ್ಲರೂ ವಿಚಿತ್ರವೆಂಬಂತೆ ಹೇಳುತ್ತಾರೆ. ತಾವು ಉಣ್ಣುವುದನ್ನೇ ದೇವರಿಗೂ ಬಡಿಸುವುದರಲ್ಲಿ ವಿಚಿತ್ರವೇನೂ ನನಗೆ ಕಾಣಲಿಲ್ಲ. ಮೇಷ್ಟ್ರ ಮನೆಯವರಿಗೆ ಟಾಂಗ್ರಾದಲ್ಲಿ ತೊಂದರೆಯಿಲ್ಲ, ತರಕಾರಿಯ ಅಡುಗೆಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ಊರುಗಳ ಸಂಜೆಯ ಗಾಡಿಗಳಲ್ಲಿ ಸಿಗುವ ಗೋಬಿ ಮಂಚೂರಿಯ ಸೋಯಾ, ಬೆಳ್ಳುಳ್ಳಿ, ಹಸಿಮೆಣಸಿನ ಹದ ಹುಟ್ಟಿದ್ದು ಇಂಥ ಅಡುಗೆಮನೆಗಳಲ್ಲಿಯೇ. ಚಿಕನ್ ಮಂಚೂರಿಯನ್ನಿಗೆ ಹೆಸರಾದ ನೆಲ್ಸನ್ ವಾಂಗ್ ಕೂಡ ಕೋಲ್ಕತ್ತಾದಲ್ಲಿ ಹುಟ್ಟಿ ಮುಂಬೈಗೆ ಹೋದವರು.

ಹೇಮಾವತಿ ತೀರ

ಮೇಷ್ಟ್ರ ಕೊನೆಯ ಪ್ರಶ್ನೆಗೆ, ಅಂದರೆ ನೋಡಲು ಹೋಗುವುದು ಸರಿಯೇ ಎಂಬುದಕ್ಕೆ, ನನ್ನ ಅನುಭವದಿಂದ ಹೇಳುತ್ತೇನೆ. ನಾನು ಸಕಲೇಶಪುರ ತಾಲ್ಲೂಕಿನವನು, ಸೈನ್ಯದಲ್ಲಿದ್ದವನು. 80ರ ದಶಕದಲ್ಲಿ ಎರಡು ವರ್ಷ ಕೋಲ್ಕತ್ತಾದ ಫೋರ್ಟ್ ವಿಲಿಯಂನಲ್ಲಿದ್ದೆ. ರಜೆಗೆ ಊರಿಗೆ ಬರುವ ಮೊದಲು ತಂದೆಯವರಿಗೆ ಪಾದರಕ್ಷೆ ಮಾಡಿಸಲು ಬೆಂಟಿಂಕ್ ಬೀದಿಗೆ ಹೋಗಿದ್ದೆ. ಅಳತೆಗೆಂದು ತಂದಿದ್ದ ಹಳೆಯ ಜೋಡನ್ನು ಕೊಟ್ಟಾಗ, ಆ ಚೀನೀ ಮೋಚಿ ಅದನ್ನು ತಿರುಗಿಸಿ ನೋಡಿ, "ನಿಮ್ಮ ತಂದೆ ಏರು ಹತ್ತಿ ಇಳಿಯುವ ಊರಿನವರೇ?" ಎಂದು ಹಿಂದಿಯಲ್ಲಿ ಕೇಳಿದರು. ಹಿಮ್ಮಡಿ ಸವೆದ ರೀತಿಯಿಂದ ಅದನ್ನು ತಿಳಿದಿದ್ದರು. ಆಮೇಲೆ ಪ್ರತಿ ತಿಂಗಳೂ ಅಲ್ಲಿಗೆ ಹೋಗಿ ಚಹಾ ಕುಡಿಯುವುದು ರೂಢಿಯಾಯಿತು.

ನಾನು ಸೈನಿಕನೆಂದು ತಿಳಿದ ಮೇಲೂ ಅವರು 1962ರ ಮಾತನ್ನು ಎತ್ತಲು ಒಂದು ವರ್ಷ ತೆಗೆದುಕೊಂಡರು. ಆ ಅಕ್ಟೋಬರಿನಲ್ಲಿ ಯುದ್ಧ ಆರಂಭವಾದ ಮೇಲೆ, ಚೀನೀ ಮೂಲದವರೆಂಬ ಒಂದೇ ಕಾರಣಕ್ಕೆ ಸುಮಾರು 3,000 ಜನರನ್ನು, ಹೆಚ್ಚಾಗಿ ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಗಳಿಂದ, ಹಿಡಿದು ರೈಲಿನಲ್ಲಿ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಕಳುಹಿಸಲಾಯಿತು. ಅವರಲ್ಲಿ ಮುದುಕರೂ ಹಸುಗೂಸುಗಳೂ ಇದ್ದರು. ಕೆಲವರು ವರ್ಷಗಟ್ಟಲೆ ಅಲ್ಲಿಯೇ ಇದ್ದರು. ಕೋಲ್ಕತ್ತಾದಲ್ಲಿ ಉಳಿದವರಿಗೂ ಓಡಾಟದ ಮೇಲೆ ನಿರ್ಬಂಧವಿತ್ತು, ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. ಗಡಿಯಲ್ಲಿ ನಮ್ಮವರು ಮಡಿದದ್ದು ಎಷ್ಟು ಸತ್ಯವೋ, ಈ ನೆಲದಲ್ಲಿಯೇ ಹುಟ್ಟಿದ ಜನರು ತಾವು ಮಾಡದ ತಪ್ಪಿಗೆ ಮನೆ ಮಾರು ಕಳೆದುಕೊಂಡದ್ದೂ ಅಷ್ಟೇ ಸತ್ಯ. ಸೈನ್ಯದ ಉಡುಪು ತೊಟ್ಟ ನಾನು ಇದನ್ನು ಹೇಳಲು ಹಿಂಜರಿಯುವುದಿಲ್ಲ. ಒಂದು ಕಾಲಕ್ಕೆ ಇಪ್ಪತ್ತು ಸಾವಿರದಷ್ಟಿದ್ದ ನಗರದ ಚೀನೀಯರು ಈಗ ಕೆಲವೇ ಸಾವಿರವಾಗಿರುವುದಕ್ಕೆ ಚರ್ಮೋದ್ಯಮದ ಸ್ಥಳಾಂತರಕ್ಕಿಂತ ಮೊದಲ ಕಾರಣ ಇದು.

ಆದ್ದರಿಂದ ಹೋಗುವುದರಲ್ಲಿ ತಪ್ಪಿಲ್ಲ, ಹೋಗಬೇಕು. "ನೀವು ಯಾವ ದೇಶದವರು?" ಎಂದು ಮಾತ್ರ ಯಾರನ್ನೂ ಕೇಳಬೇಡಿ. ಅವರು ಭಾರತದವರು, ನಿಮಗಿಂತ ಚೆನ್ನಾಗಿ ಬಂಗಾಳಿ ಮಾತನಾಡುತ್ತಾರೆ. ಬೀದಿಯನ್ನು ಚಿತ್ರ ತೆಗೆಯಿರಿ, ಮುಖವನ್ನೂ ದೇವರನ್ನೂ ಕೇಳದೆ ತೆಗೆಯಬೇಡಿ. ದೊಡ್ಡ ಕ್ಯಾಮೆರಾ ಹಿಡಿದು ಗುಂಪಾಗಿ ಬರುವವರಿಂದ ಅಲ್ಲಿನ ಹಿರಿಯರು ಬೇಸತ್ತಿದ್ದಾರೆಂದು ನನ್ನ ಹಳೆಯ ಸ್ನೇಹಿತರೊಬ್ಬರು ಈಚೆಗೆ ಹೇಳಿದರು. ನೀವಿಬ್ಬರೇ ಹೋಗುತ್ತಿರುವುದು ಒಳ್ಳೆಯದೇ ಆಯಿತು. ಇನ್ನೊಂದು ವಿಷಯ: 1969ರಲ್ಲಿ ಆರಂಭವಾಗಿ ಟಾಂಗ್ರಾದಿಂದ ಹೊರಡುತ್ತಿದ್ದ ಸಿಯೊಂಗ್ ಪೌ ಎಂಬ ಚೀನೀ ಭಾಷೆಯ ದಿನಪತ್ರಿಕೆ 2020ರಲ್ಲಿ, ಕೊರೊನಾ ಕಾಲದಲ್ಲಿ, ನಿಂತುಹೋಯಿತು. ಆ ಲಿಪಿಯನ್ನು ಓದಬಲ್ಲವರು ಕೇರಿಯಲ್ಲಿಯೇ ಕಡಿಮೆಯಾಗುತ್ತಿದ್ದಾರೆ. ಫಲಕಗಳ ಮೇಲಿನ ಬರಹದ ಅರ್ಥವನ್ನು ಹೇಳಬಲ್ಲ ಹಿರಿಯರು ಸಿಕ್ಕರೆ ಕುಳಿತು ಕೇಳಿಸಿಕೊಳ್ಳಿ. ನಡಿಗೆ ಅಲ್ಲಿಗೇ ನಿಂತರೂ ಚಿಂತೆಯಿಲ್ಲ.

ಹಾಸನದ ಮೇಷ್ಟ್ರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹೇಮಾವತಿ ತೀರದವರು ಬರೆದುದನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಇಪ್ಪತ್ತೆಂಟು ವರ್ಷ 1962ರ ಯುದ್ಧವನ್ನು ಪಾಠ ಮಾಡಿದವನು ನಾನು, ದೇವ್ಲಿಯ ಹೆಸರನ್ನು ಒಮ್ಮೆಯೂ ತರಗತಿಯಲ್ಲಿ ಹೇಳಲಿಲ್ಲವೆಂಬುದು ಈಗ ನೋಯುತ್ತಿದೆ. ಭಾನುವಾರ ಬೆಳಿಗ್ಗೆ ತಿರೆಟ್ಟಾ, ಬೇರೊಂದು ದಿನ ಸಂಜೆ ಟಾಂಗ್ರಾ ಎಂದು ಗೊತ್ತುಮಾಡಿಕೊಂಡಿದ್ದೇವೆ.

ಇನ್ನೊಂದೇ ಪ್ರಶ್ನೆ. ಇವರಲ್ಲಿ ಮೊದಲು ಬಂದವನ ಸಮಾಧಿ ಕೋಲ್ಕತ್ತಾದ ಹೊರಗೆ ನದಿಯ ದಡದಲ್ಲಿದೆಯೆಂದು ಓದಿದ್ದೇನೆ. ಅಲ್ಲಿಗೆ ಹೋಗಿಬರುವುದು ನಮ್ಮ ವಯಸ್ಸಿನವರಿಗೆ ಸಾಧ್ಯವೇ? ಚೀನೀ ಹೊಸ ವರ್ಷದ ಸಮಯಕ್ಕೆ ನಾವು ಅಲ್ಲಿರಬಹುದೇ ಎಂಬುದನ್ನೂ ತಿಳಿಸಿ.

ಮುಳ್ಳಯ್ಯನಗಿರಿಯ ನೆರಳು

ಮೇಷ್ಟ್ರೇ, ಖಂಡಿತ ಸಾಧ್ಯ. ಆ ಊರಿನ ಹೆಸರು ಅಚಿಪುರ, ಕೋಲ್ಕತ್ತಾದಿಂದ ಸುಮಾರು 33 ಕಿಲೋಮೀಟರ್. ತೊಂಗ್ ಅಚ್ಯೂ ಎಂಬ ವ್ಯಾಪಾರಿ 1778ರ ಸುಮಾರಿಗೆ ಬಂದು, ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನಿಂದ ಹೂಗ್ಲಿ ನದಿಯ ದಡದಲ್ಲಿ ಜಮೀನು ಪಡೆದು, ಕಬ್ಬು ಹಾಕಿ ಸಕ್ಕರೆಯ ಕಾರ್ಖಾನೆ ತೆರೆದ. ಕೆಲಸಕ್ಕೆ ತನ್ನ ದೇಶದಿಂದಲೇ ಆಳುಗಳನ್ನು ಕರೆತಂದ. ಕೆಲವೇ ವರ್ಷಗಳಲ್ಲಿ ಅವನು ತೀರಿಕೊಂಡ, ಕಾರ್ಖಾನೆ ನಿಂತುಹೋಯಿತು, ಆಳುಗಳು ನಗರಕ್ಕೆ ಚದುರಿ ಸಿಕ್ಕ ಕಸುಬು ಹಿಡಿದರು. ನಾವು ಮೇಲೆ ಮಾತನಾಡಿದ ಕೇರಿಯ ಮೊದಲ ಬೇರು ಅಲ್ಲಿದೆ. ಅವನ ಹೆಸರೇ ಊರಿಗೆ ನಿಂತಿತು. ಮಂಡ್ಯ, ಚನ್ನರಾಯಪಟ್ಟಣದ ಕಡೆ ಕಬ್ಬಿನ ಗದ್ದೆ, ಆಲೆಮನೆ ನೋಡಿದ ನಮಗೆ ಆ ಬಯಲನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ, ಈಗ ಅಲ್ಲಿ ಕಬ್ಬಿನ ಕುರುಹಿಲ್ಲದಿದ್ದರೂ ಸಹ.

ಸಮಾಧಿ ನದಿಗೆ ಮುಖಮಾಡಿ ಕುದುರೆಯ ಲಾಳದ ಆಕಾರದಲ್ಲಿದೆ, ಕೆಂಪು ಬಣ್ಣ ಬಳಿದಿದ್ದಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಚೀನೀ ದೇವಾಲಯವೂ ಇದೆ, ಊರಿನವರು ಅದರ ದೇವತೆಗಳನ್ನು ಖುದಾ ಖುದಿ ಎಂದು ಕರೆಯುತ್ತಾರೆ. ಸುತ್ತಲಿನ ಬಂಗಾಳಿ ಹಿಂದೂಗಳೂ ಮುಸಲ್ಮಾನರೂ ಆ ಹೆಸರನ್ನು ತಮ್ಮದೇ ಎಂಬಂತೆ ಹೇಳುವುದನ್ನು ಕೇಳಿದಾಗ ನನಗೆ ನಮ್ಮ ಬಾಬಾಬುಡನ್‌ಗಿರಿಯ ಹಳೆಯ ದಿನಗಳ ಮಾತು ನೆನಪಾಯಿತು.

ಹೊಸ ವರ್ಷ ಚಂದ್ರಮಾನದ ಲೆಕ್ಕದಲ್ಲಿ ಜನವರಿ 21ರಿಂದ ಫೆಬ್ರವರಿ 20ರೊಳಗೆ ಬರುತ್ತದೆ. ನಮ್ಮ ಯುಗಾದಿಯಂತೆ ವರ್ಷವರ್ಷಕ್ಕೂ ದಿನ ಬದಲಾಗುತ್ತದೆ. ಪ್ರಯಾಣದ ದಿನವನ್ನು ಇನ್ನೂ ಗೊತ್ತುಮಾಡದಿದ್ದರೆ ಆ ದಿನವನ್ನು ನೋಡಿಕೊಂಡು ಟಿಕೆಟ್ ತೆಗೆಯಿರಿ. ಹಿಂದಿನ ರಾತ್ರಿ ಟಾಂಗ್ರಾದಲ್ಲಿ ಸಿಂಹದ ಕುಣಿತ ಇರುತ್ತದೆ. ಹಬ್ಬದ ನಂತರದ ದಿನಗಳಲ್ಲಿ ಕೋಲ್ಕತ್ತಾದ ಚೀನೀ ಕುಟುಂಬಗಳು ಅಚಿಪುರಕ್ಕೆ ಬಂದು ಸಮಾಧಿಗೆ ಅಗರಬತ್ತಿ, ಮೇಣದ ಬತ್ತಿ ಹಚ್ಚುತ್ತವೆ, ತಂದ ಊಟವನ್ನು ಅಲ್ಲಿಯೇ ಹಂಚಿ ತಿನ್ನುತ್ತವೆ. ವಿದೇಶಕ್ಕೆ ಹೋಗಿ ನೆಲೆಸಿದವರೂ ಆ ಹೊತ್ತಿಗೆ ಬರುತ್ತಾರೆ. ನಾನು ಹೋಗಿದ್ದಾಗ ಒಬ್ಬ ಅಜ್ಜಿ ಮೊಮ್ಮಗನ ಕೈಹಿಡಿದು ಸಮಾಧಿಯ ಮುಂದೆ ಮೂರು ಬಾರಿ ಬಾಗುವುದನ್ನು ಕಲಿಸುತ್ತಿದ್ದರು. ಹುಡುಗನಿಗೆ ಬರುತ್ತಿದ್ದುದು ಇಂಗ್ಲಿಷ್ ಮಾತ್ರ, ಅಜ್ಜಿ ಅವನಿಗೆ ಹೇಳುತ್ತಿದ್ದುದು ಬಂಗಾಳಿಯಲ್ಲಿ.

ಹೋಗುವ ದಾರಿ ಸುಲಭ. ಸಿಯಾಲ್ದಾ ನಿಲ್ದಾಣದ ದಕ್ಷಿಣ ಭಾಗದಿಂದ ಬಜ್ ಬಜ್‌ಗೆ ಲೋಕಲ್ ರೈಲುಗಳಿವೆ. ಕೊನೆಯ ನಿಲ್ದಾಣವಾದ್ದರಿಂದ ಎಲ್ಲಿ ಇಳಿಯಬೇಕೆಂಬ ಆತಂಕವಿಲ್ಲ. ಅಲ್ಲಿಂದ ಆಟೋದಲ್ಲಿ ಅಚಿಪುರ ಕೆಲವೇ ಕಿಲೋಮೀಟರ್. ಮಂಡಿ ನೋವಿಗೆ ರೈಲಿನ ನೂಕುನುಗ್ಗಲು ಆಗದೆನಿಸಿದರೆ ಮಗಳಿಗೆ ಹೇಳಿ ಕಾರು ಮಾಡಿಸಿಕೊಳ್ಳಿ. ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಸುತ್ತಮುತ್ತ ನಿಮ್ಮ ಮನೆಯವರಿಗೆ ಒಗ್ಗುವ ಹೋಟೆಲು ನನಗೆ ಕಾಣಲಿಲ್ಲ. ಸಮಾಧಿಯ ಬಳಿ ನೆರಳು ಕಡಿಮೆ, ಹನ್ನೊಂದರೊಳಗೆ ಅಲ್ಲಿ ಇರುವಂತೆ ಹೊರಡಿ. ಹೋಗಿ ಬಂದ ಮೇಲೆ ಇಲ್ಲಿ ನಾಲ್ಕು ಸಾಲು ಬರೆಯಿರಿ. ಆ ಹುಡುಗಿಯ ವಿಳಾಸ ನಿಮ್ಮ ಬಳಿ ಇನ್ನೂ ಇದ್ದರೆ ಅವಳಿಗೂ ಬರೆಯಿರಿ.